ಯಾರೂ ಕೇಳದ ಪಿಕ್ಚರುಗಳು

ನನ್ನ ತಮ್ಮನನ್ನು ಬೀದಿಯವರೆಲ್ಲ ಕರೆಯುವುದು ಸ್ಪ್ರಿಂಗಣ್ಣ ಎಂದು. ಹಳೇ ಸೋಫಾಗಳ ಹೊಟ್ಟೆ ಬಗೆದು, ಕುಸಿದ ಸ್ಪ್ರಿಂಗು, ಹರಿದ ಪಟ್ಟಿ, ಪುಡಿಯಾದ ಸ್ಪಂಜು ತೆಗೆದು ಹೊಸತು ತುಂಬಿ, ಮೇಲೆ ಬಟ್ಟೆ ಹೊದಿಸಿ ಕೊಡುವುದು ಅವನ ಕಸುಬು. ಬಟ್ಟೆ ಕತ್ತರಿಸುವುದು ಅವನ ಹೆಂಡತಿ. ಅಂಚು ಹೊಲಿದು ಗುಂಡಿ ಕೂರಿಸುವುದು ನಾನು. ನಮ್ಮ ಯಜಮಾನರು ಹೋದ ಮೇಲೆ ನಾನು ಈ ಮನೆಗೇ ಬಂದೆ. ನನ್ನ ಹೊಲಿಗೆ ಮಿಷನ್ನು ಕೆಲಸದ ಕೋಣೆಯ ಕಿಟಕಿಯ ಪಕ್ಕದಲ್ಲಿದೆ. ಅಲ್ಲಿ ಕೂತರೆ ಒಳಗಿನದೂ ಕಾಣುತ್ತದೆ, ಹೊರಗಿನ ಜಗಲಿಯೂ ಕಾಣುತ್ತದೆ. ಹಾಗಾಗಿ ನಾನು ಬರೆಯುವುದೆಲ್ಲ ಕಂಡದ್ದು.

ತಮ್ಮನಿಗೆ ಒಂದು ಗುಣ. ಯಾರಿಗೂ ಬೇಡವಾದದ್ದನ್ನು ಕಂಡರೆ ಅವನಿಗೆ ಕರುಳು ಚುರ್ ಎನ್ನುತ್ತದೆ. ಮೂಲೆಯ ಸಿನಿಮಾ ಡಿಸ್ಕ್ ಅಂಗಡಿ ಮುಚ್ಚುವಾಗ ಒಳ್ಳೊಳ್ಳೆಯ ಪಿಕ್ಚರುಗಳನ್ನೆಲ್ಲ ಜನ ಮೊದಲೇ ಎತ್ತಿಕೊಂಡು ಹೋಗಿದ್ದರು. ಉಳಿದದ್ದು ಒಂದು ದೊಡ್ಡ ಪೆಟ್ಟಿಗೆ. "ಇವೆಲ್ಲ ಅಮೆರಿಕದವು. ಹೆಸರು ಮಾಡದೆ ಹೋದವು. ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಕೇಳ್ಲಿಲ್ಲ, ಕಸಕ್ಕೆ ಹಾಕ್ತೀನಿ" ಎಂದನಂತೆ ಅಂಗಡಿಯವನು. ತಮ್ಮ ಆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಹೆಂಡತಿ ನೋಡಿ, "ಕುರ್ಚಿ ಆಯ್ತು, ಈಗ ಪಿಕ್ಚರಿಗೂ ರಿಪೇರಿನಾ?" ಎಂದಳು.

ಹೀಗೆ ಭಾನುವಾರ ಮಧ್ಯಾಹ್ನದ ಪಿಕ್ಚರು ಶುರುವಾಯಿತು. ರಿಪೇರಿಯಾಗಿ ಒಡೆಯರ ಮನೆಗೆ ಹೋಗಲು ಕಾದಿರುವ ಸೋಫಾಗಳನ್ನೇ ಟಿವಿಯ ಮುಂದೆ ಸಾಲಾಗಿ ಎಳೆದು, ಕಿಟಕಿಗೆ ಕಪ್ಪು ಅಸ್ತರಿನ ಬಟ್ಟೆ ಕಟ್ಟಿ, ಬೀದಿಯವರನ್ನು ಕೂರಿಸುವುದು. "ಮನುಷ್ಯ ಮೈಮರೆತು ಕೂತಾಗಲೇ ಸ್ಪ್ರಿಂಗು ತನ್ನ ಬುದ್ಧಿ ತೋರಿಸೋದು. ಇದು ಪರೀಕ್ಷೆ" ಎನ್ನುತ್ತಿದ್ದ. ಒಂದು ವಾರ ಡಾಕ್ಟರ ಮನೆಯ ಸೋಫಾ, ಇನ್ನೊಂದು ವಾರ ವಕೀಲರದು. ಇಸ್ತ್ರಿಯವಳು, ಗಡಿಯಾರದ ಅಂಗಡಿಯವರು, ಅಕ್ಕಪಕ್ಕದ ನಾಲ್ಕಾರು ಮಂದಿ ತಪ್ಪದೆ ಬರುತ್ತಿದ್ದರು. ಸಾಹುಕಾರರ ಸೋಫಾದ ಮೇಲೆ ಕಾಲು ಮಡಚಿ ಕೂರುವುದೇ ಅವರಿಗೆ ಅರ್ಧ ಪಿಕ್ಚರು.

ಪಿಕ್ಚರು ಆರಿಸುವುದರಲ್ಲೂ ತಮ್ಮನದು ಒಂದು ಕ್ರಮ. ಈ ವಾರ ಕಪ್ಪು ಬಿಳುಪಿನ ಕಾಲದ್ದಾದರೆ ಮುಂದಿನ ವಾರ ಬಣ್ಣದ್ದು. ಈ ವಾರ ನಗಿಸುವುದಾದರೆ ಮುಂದಿನ ವಾರ ಕುದುರೆ ಬಂದೂಕಿನದು, ಆಮೇಲೆ ಕೊಲೆಯದು, ಆಮೇಲೆ ಹಾಡಿನದು. "ಎಲ್ಲಾ ಕಾಲಾನೂ ನೋಡ್ಬೇಕು, ಎಲ್ಲಾ ರುಚೀನೂ ನೋಡ್ಬೇಕು" ಎಂದು ಹೇಳುವನು. ಇಂಗ್ಲಿಷು ನಮಗ್ಯಾರಿಗೂ ಬಾರದು. ಅವನಿಗೆ ತಕ್ಕಮಟ್ಟಿಗೆ ಬರುತ್ತದೆ, ಕೆಳಗೆ ಬರುವ ಅಕ್ಷರಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿಕೊಳ್ಳಬಲ್ಲ. ಅದಕ್ಕೇ ಶನಿವಾರ ಒಬ್ಬನೇ ಕೂತು ಪೂರಾ ನೋಡಿ ಮುಗಿಸುತ್ತಿದ್ದ. ಭಾನುವಾರ ಎಲ್ಲರೂ ಕೂತ ಮೇಲೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಡುತ್ತಿದ್ದ. ಇವನು ಇವಳ ಗಂಡ, ಇವನೇ ಕಳ್ಳ, ಕೊನೆಗೆ ಸೇತುವೆಯ ಮೇಲಿಂದ ಬಿದ್ದು ಸಾಯುತ್ತಾನೆ, ಇವಳು ಅಳುವುದಿಲ್ಲ, ಅದನ್ನು ಗಮನಿಸಿ. ಮನೆಗೆ ಬಂದವರು ಕತ್ತಲಲ್ಲಿ ತಡವರಿಸಬಾರದು ಎಂಬುದು ಅವನ ಆಸೆ. ಜನರೂ ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿ ಕೇಳುತ್ತಿದ್ದರು.

ಅವನ ಮನಸ್ಸಿನಲ್ಲಿ ಇದ್ದದ್ದು ಮಾತ್ರ ಬೇರೆ ಆಸೆ. ಹೆಂಡತಿ ತನ್ನ ಪಕ್ಕದಲ್ಲಿ ಕೂತು ಒಂದು ಪಿಕ್ಚರನ್ನು ಕೊನೆಯವರೆಗೂ ನೋಡಬೇಕು. ಅಷ್ಟೇ. ಅದೊಂದು ಆಗುತ್ತಿರಲಿಲ್ಲ. ಅವಳು ಕೂರುವಳು, ಸ್ವಲ್ಪ ಹೊತ್ತು ನೋಡುವಳು, ಅರ್ಧಕ್ಕೆ ಮೆಲ್ಲಗೆ ಎದ್ದು ಒಳಗಿನ ಕೋಣೆಗೆ ಹೋಗುವಳು. ಸ್ವಲ್ಪದರಲ್ಲೇ ಅಲ್ಲಿಂದ ಬಟ್ಟೆ ಕತ್ತರಿಸುವ ಸದ್ದು, ಕರ್ರ್ ಕರ್ರ್ ಎಂದು. ಆ ಸದ್ದು ಕೇಳಿದೊಡನೆ ತಮ್ಮನ ಮುಖ ಗಾಳಿ ಹೋದ ಚಕ್ರದಂತಾಗುತ್ತಿತ್ತು. ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುವುದೋ ಎಂದು ಹೆದರಿದ್ದ.

ಅಷ್ಟರಲ್ಲಿ ಅವನ ಷಡ್ಡಕ ಬಂದರು. ತಮ್ಮನ ಹೆಂಡತಿಯ ಅಕ್ಕನ ಗಂಡ. ಅಕ್ಕ ತೀರಿಕೊಂಡು, ಇವರಿಗೆ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತಿಯೂ ಆಗಿ, ಒಂಟಿ ಜೀವ ಎಲ್ಲಿದ್ದರೇನು ಎಂದು ನಮ್ಮ ಬೀದಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಮಾತು ಮಾತಿಗೂ "ರೈಟ್, ರೈಟ್" ಎನ್ನುವುದು ಅವರ ಚಾಳಿ. ಬಂದ ಒಂದು ವಾರದಲ್ಲೇ ಬೀದಿಗೆಲ್ಲ ಅವರು ರೈಟಣ್ಣ ಆದರು.

ಮೊದಲ ಭಾನುವಾರ ಅವರು ಬಂದದ್ದು ತಡವಾಗಿ. ತಮ್ಮ ಕಥೆ ಹೇಳಿ ಮುಗಿಸಿ ಆಗಲೇ ಪಿಕ್ಚರು ಹಾಕಿದ್ದ. ಕಪ್ಪು ಬಿಳುಪಿನ ಕೊಲೆಯ ಕಥೆ. ಬಟ್ಟೆ ಒಗೆಯುವ ಅಂಗಡಿಯವನಿಗೆ ಒಂದು ಕೋಟಿನಲ್ಲಿ ರಕ್ತದ ಕಲೆ ಸಿಗುತ್ತದೆ. ಕೋಟು ಯಾರದೆಂದು ಹುಡುಕುತ್ತಾ ಹೋಗುತ್ತಾನೆ. ರೈಟಣ್ಣ ಕೂತು ಉಸಿರು ಬಿಡುವಷ್ಟರಲ್ಲೇ ಶುರು ಮಾಡಿದರು.

"ಕೊಲೆ ಮಾಡಿದ್ದು ಈ ಮೀಸೆಯವನೇ. ಟಿಕೆಟ್ ಇಲ್ದೆ ಹತ್ತೋರ ಕಣ್ಣು ಹೀಗೇ ಇರುತ್ತೆ."

ಮೀಸೆಯವನು ಮುಂದಿನ ಕ್ಷಣದಲ್ಲೇ ಹೆಣವಾಗಿ ಬಿದ್ದ. ಎಲ್ಲರೂ ನಕ್ಕರು.

"ರೈಟ್, ಅವನಲ್ಲ. ಹಾಗಾದ್ರೆ ಆ ಮುದುಕಿ. ಅವಳ ಕೈಚೀಲ ನೋಡಿ, ಅಷ್ಟು ಭಾರ ಯಾಕಿದೆ?"

ಮುದುಕಿ ಕೈಚೀಲದಿಂದ ಒಂದು ಬೆಕ್ಕನ್ನು ತೆಗೆದಳು.

"ಹಾಗಾದ್ರೆ ಬೆಕ್ಕೇ!" ಎಂದರು ರೈಟಣ್ಣ.

ಇಸ್ತ್ರಿಯವಳು ಬಾಯಿಗೆ ಸೆರಗು ತುಂಬಿಕೊಂಡಳು. ಗಡಿಯಾರದ ಅಂಗಡಿಯವರಿಗೆ ಕೆಮ್ಮು ಬಂತು. ತಮ್ಮ ಕತ್ತಲಲ್ಲಿ ಹೆಂಡತಿಯ ಕಡೆ ತಿರುಗಿದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೊನೆಯವರೆಗೂ ಏಳಲಿಲ್ಲ. ಆ ದಿನ ಕತ್ತರಿಯ ಸದ್ದು ಬರಲಿಲ್ಲ.

ತಮ್ಮ ಬಯಸಿದ್ದು ಇದನ್ನೇ ಅಲ್ಲವೇ? ಆದರೆ ಬಯಸಿದ ಊಟ ಪಕ್ಕದವನ ಎಲೆಗೆ ಬಿದ್ದ ಹಾಗಾಯಿತು. ಸಂಜೆ ಮೊಳೆ ಹೊಡೆಯುತ್ತಾ ನನ್ನನ್ನು ಕೇಳಿದ, "ಅಕ್ಕ, ಅವರು ಹೇಳಿದ್ದರಲ್ಲಿ ನಗೋಂಥದ್ದು ಏನಿತ್ತು? ಒಂದಾದ್ರೂ ಸರಿ ಇತ್ತಾ?"

"ಸರಿ ಇರ್ಲಿಲ್ಲ ಕಣೋ. ಅದಕ್ಕೇ ನಕ್ಕಿದ್ದು."

"ನಾನು ಸರಿಯಾಗಿ ಹೇಳಿದ್ದಕ್ಕೆ ಯಾರೂ ನಗಲ್ಲ. ಅವರು ಅಡ್ಡಾದಿಡ್ಡಿ ಹೇಳಿದ್ದಕ್ಕೆ ನಗ್ತಾರೆ. ಚೆನ್ನಾಗಿದೆ ನ್ಯಾಯ" ಎಂದು ಮೊಳೆಯ ಬದಲು ಹೆಬ್ಬೆರಳ ಮೇಲೆ ಹೊಡೆದುಕೊಂಡ.

ಮುಂದಿನ ವಾರದಿಂದ ಅವನು ಪೆಟ್ಟಿಗೆ ಕೆದಕಿ ಪಿಕ್ಚರು ಆರಿಸಿದ್ದೆಲ್ಲ ಒಂದೇ ಉದ್ದೇಶಕ್ಕೆ, ಷಡ್ಡಕನ ಬಾಯಿ ಮುಚ್ಚಿಸುವುದಕ್ಕೆ. ಕ್ರಮವೂ ಹೋಯಿತು, ಕಾಲವೂ ಹೋಯಿತು. ಮೊದಲು ಮಾತೇ ಕಡಿಮೆಯಿರುವ ಒಂದನ್ನು ಹುಡುಕಿದ. ಒಬ್ಬ ಲಾರಿಯವನು ಖಾಲಿ ಲಾರಿ ಓಡಿಸಿಕೊಂಡು ಹೋಗುತ್ತಲೇ ಇರುತ್ತಾನೆ. ರಸ್ತೆ, ಆಕಾಶ, ಮತ್ತೆ ರಸ್ತೆ. "ಮಾತೇ ಇಲ್ಲದ ಕಡೆ ಏನ್ ತಮಾಷೆ ಮಾಡ್ತಾರೆ ನೋಡೇಬಿಡೋಣ" ಎಂದು ನನ್ನ ಕಿವಿಯಲ್ಲಿ ಹೇಳಿದ. ಆದರೆ ಆ ಮೌನವೆಲ್ಲ ರೈಟಣ್ಣನಿಗೆ ಬಿಟ್ಟುಕೊಟ್ಟ ಮೈದಾನವಾಯಿತು. ಲಾರಿಯವನ ಮಾತನ್ನೂ ಇವರೇ ಆಡಿದರು, ಲಾರಿಯ ಮಾತನ್ನೂ ಇವರೇ ಆಡಿದರು. "ಹೋಲ್ಡಾನ್! ಹಿಂದೆ ಇಬ್ಬರು ಅಜ್ಜೀರು ಇಳೀಬೇಕು!" ಎಂದು ಅವರು ಕೂಗಿದಾಗ ತೆರೆಯ ಮೇಲಿನ ಲಾರಿ ನಿಜವಾಗಿಯೂ ನಿಂತುಬಿಟ್ಟಿತು. ಆವತ್ತಿನ ನಗು ಪಕ್ಕದ ಬೀದಿಗೂ ಕೇಳಿಸಿರಬೇಕು.

ಆಮೇಲೆ ಕುದುರೆಗಳ ಪಿಕ್ಚರು ತಂದ. ಅದರಲ್ಲಿ ಬಂದೂಕು ಹಾರುವುದಕ್ಕಿಂತ ದನ ಕಾಯುವುದೇ ಹೆಚ್ಚು. "ಇಷ್ಟು ಹಸು ಹತ್ತಿಸ್ಕೊಂಡ್ರೆ ನಿಂತು ಹೋಗೋರಿಗೆ ಜಾಗ ಎಲ್ಲಿ?" ಎಂದು ರೈಟಣ್ಣ ಅಲ್ಲೂ ಗೆದ್ದರು. ಆಮೇಲೆ ದೆವ್ವದ್ದು ತಂದ. ಒಂದು ಹೊಸ ಮನೆ, ಕೆಳಗೆ ನೆಲಮಾಳಿಗೆ, ಅಲ್ಲಿನ ನೀರು ಕಾಯಿಸುವ ಒಲೆಯೊಳಗಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ತಮ್ಮನ ಲೆಕ್ಕದಲ್ಲಿ ಅದನ್ನು ನೋಡಿ ಯಾರೂ ಬಾಯಿ ಬಿಡುವಂತಿರಲಿಲ್ಲ. ರೈಟಣ್ಣ ನಿಜಕ್ಕೂ ಹೆದರಿದರು. ಎಷ್ಟು ಹೆದರಿದರೆಂದರೆ ವಕೀಲರ ಸೋಫಾದ ದಿಂಬಿನ ಹಿಂದೆ ಮುಖ ಹುದುಗಿಸಿ, "ನಾದಿನೀ, ಅದು ಹೋಯ್ತಾ? ಹೋದ ಮೇಲೆ ಹೇಳಮ್ಮಾ" ಎಂದು ಗೋಗರೆದರು. ತಮ್ಮನ ಹೆಂಡತಿ, "ಹೋಯ್ತು ಭಾವ, ತೆಗೀರಿ" ಎಂದಳು. ಅವರು ದಿಂಬು ತೆಗೆದಾಗ ಒಲೆಯ ಬಾಯಿ ತೆರೆದೇ ಇತ್ತು. ಅವರ ಕಿರುಚಾಟ, ಇವಳ ಚಪ್ಪಾಳೆ. ತಮ್ಮನ ಜೊತೆ ಇಷ್ಟು ವರ್ಷದಲ್ಲಿ ಅವಳು ಅಂಥ ಚೇಷ್ಟೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅವನೂ ಕಂಡಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಪಿಕ್ಚರಿನಿಂದ ಆಗದ್ದನ್ನು ಕುರ್ಚಿಯಿಂದ ಮಾಡಲು ಹೊರಟ. ಎಲ್ಲರಿಗೂ ಸೋಫಾ, ಷಡ್ಡಕನಿಗೆ ಮಾತ್ರ ಕಬ್ಬಿಣದ ಸ್ಟೂಲು.

"ಇದು ಬಹಳ ಒಳ್ಳೇದು ಷಡ್ಡಕರೇ, ಡ್ರೈವರ್ ಪಕ್ಕದ ಸೀಟು. ಮೂವತ್ತು ವರ್ಷ ನಿಂತೇ ಹೋದವನಿಗೆ ಇದೇ ಸಿಂಹಾಸನ" ಎಂದು ರೈಟಣ್ಣ ಖುಷಿಯಿಂದಲೇ ಕೂತರು. ಅದೂ ನಾಟಲಿಲ್ಲ ಎಂದು ಮರುವಾರ, ಇನ್ನೂ ಪಟ್ಟಿ ಬಿಗಿಯದ, ಬರೀ ಬಟ್ಟೆ ಹೊದಿಸಿದ ಒಂದು ಆರಾಮ ಕುರ್ಚಿಯನ್ನು ಮುಂದಿಟ್ಟ. ರೈಟಣ್ಣ ಕೂತರು. ಕೂತವರು ಇಳಿದರು. ಮಂಡಿ ಗಲ್ಲಕ್ಕೆ ತಾಗಿತು, ಕೈಕಾಲು ಮಾತ್ರ ಮೇಲೆ. "ಅಯ್ಯೋ, ನನ್ನ ಸ್ಟಾಪು ಬಂತು ಅಂತ ಕಾಣುತ್ತೆ!" ಎಂದು ಒಳಗಿನಿಂದ ದನಿ ಬಂತು. ಜನ ಬಿದ್ದು ಬಿದ್ದು ನಕ್ಕರು. ತಮ್ಮನ ಹೆಂಡತಿ ಓಡಿ ಹೋಗಿ ಎರಡೂ ಕೈ ಹಿಡಿದು ಅವರನ್ನು ಮೇಲಕ್ಕೆಳೆದಳು. ಎಳೆದ ಮೇಲೂ ಅವರು ನೆಟ್ಟಗೆ ನಿಲ್ಲುವವರೆಗೆ ಕೈ ಬಿಡಲಿಲ್ಲ.

ಆ ಕೈಗಳನ್ನು ತಮ್ಮ ನೋಡಿದ ಬಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಾನೇ ತೋಡಿದ ಗುಂಡಿಯಲ್ಲಿ ಬಿದ್ದವನು ಷಡ್ಡಕ ಅಲ್ಲ, ಅವನೇ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಅಲ್ಲಿಂದ ಮುಂದೆ ಅವನಿಗೆ ಎಲ್ಲವೂ ಹಾಗೇ ಕಂಡಿತು. ರೈಟಣ್ಣ ಅಂಗಿಗೆ ಇಸ್ತ್ರಿ ಹಾಕಿಸಿದರೆ ಯಾಕೆ, ಹೆಂಡತಿ ಟೀಗೆ ಒಂದು ಲೋಟ ಹೆಚ್ಚು ನೀರಿಟ್ಟರೆ ಯಾಕೆ. ಎಲ್ಲಕ್ಕಿಂತ ಅವನನ್ನು ಕೊರೆದದ್ದು ಇನ್ನೊಂದು. ಭಾನುವಾರ ಅವನು ಕಥೆ ಹೇಳಲು ಎದ್ದು ನಿಂತರೆ ಹೆಂಡತಿ ಒಳಗಿರುತ್ತಿರಲಿಲ್ಲ. ಕಥೆ ಮುಗಿದು ದೀಪ ಆರಿಸಿದ ಮೇಲೆ ಜಗಲಿಯಿಂದ ಅವಳೂ ರೈಟಣ್ಣನೂ ಒಟ್ಟಿಗೆ ಒಳಗೆ ಬರುವರು. ಪ್ರತಿವಾರವೂ ಹೀಗೇ.

"ಅಕ್ಕ, ನೀನು ಕಿಟಕಿ ಹತ್ರ ಇರ್ತೀಯ. ಅವರಿಬ್ರೂ ಹೊರಗೆ ಏನ್ ಮಾತಾಡ್ತಾರೆ?"

"ಮಾತಾಡಲ್ಲ ಕಣೋ."

"ಸುಳ್ಳು ಹೇಳ್ಬೇಡ."

"ನಾನ್ಯಾಕೆ ಸುಳ್ಳು ಹೇಳ್ಲಿ? ಅಸ್ತರಿನ ಸಂದೀಲಿ ಕಾಣುತ್ತಲ್ಲ. ಅವರು ಬೀದಿ ಕಡೆ ಮುಖ ಮಾಡಿ ಏನೋ ಗುನುಗ್ತಾ ನಿಂತಿರ್ತಾರೆ. ಇವಳು ಕಂಬಕ್ಕೆ ಒರಗಿ ಕಿವಿ ಮುಚ್ಕೊಂಡು ನಿಂತಿರ್ತಾಳೆ. ಗಾಳಿ ಅಲ್ವಾ."

"ಮಾತಿಲ್ದೆ ನಿಲ್ಲೋದು ಇನ್ನೂ ಕೆಟ್ಟದ್ದು" ಎಂದ ತಮ್ಮ. ಹೊಟ್ಟೆಕಿಚ್ಚಿಗೆ ಯಾವ ಕಟ್ಟಿಗೆಯಾದರೂ ಸರಿ, ಹಸಿಯದೂ ಉರಿಯುತ್ತದೆ.

ಆ ಭಾನುವಾರ ಅವನು ಕಥೆ ಹೇಳುತ್ತಾ ಹೇಳುತ್ತಾ ಕಿಟಕಿಯ ಕಡೆ ಬಂದ. ಅದು ಹಾಡಿನ ಪಿಕ್ಚರು, ಲಿಫ್ಟು ಓಡಿಸುವ ಹುಡುಗಿಯೊಬ್ಬಳು ದೊಡ್ಡ ಅಂಗಡಿಯ ಒಡೆಯನ ಮಗಳ ಹಾಗೆ ನಟಿಸುವ ಕಥೆ. "ಕೊನೆಗೆ ಅವಳ ಗುಟ್ಟು ರಟ್ಟಾಗುತ್ತೆ" ಎನ್ನುತ್ತಾ ಕಪ್ಪು ಅಸ್ತರನ್ನು ಬೆರಳಷ್ಟು ಸರಿಸಿದ. ನಾನೂ ತಲೆಯೆತ್ತಿದೆ. ಹೊರಗೆ ಗಾಳಿ ಇರಲಿಲ್ಲ, ಗಿಡದ ಎಲೆಯೂ ಅಲ್ಲಾಡುತ್ತಿರಲಿಲ್ಲ. ತಮ್ಮನ ಹೆಂಡತಿ ಕಣ್ಣು ಬಿಗಿಯಾಗಿ ಮುಚ್ಚಿ, ಎರಡು ಕಿವಿಗೂ ಬೆರಳು ತುರುಕಿಕೊಂಡು ನಿಂತಿದ್ದಳು. ಒಳಗಿಂದ ಬರುತ್ತಿದ್ದದ್ದು ತಮ್ಮನ ದನಿ ಒಂದೇ.

ಅವನ ಕಥೆ ಅಲ್ಲೇ ನಿಂತುಹೋಯಿತು. "ಗುಟ್ಟು ರಟ್ಟಾಗಿ ಏನಾಯ್ತು ಸ್ಪ್ರಿಂಗಣ್ಣ?" ಎಂದು ಇಸ್ತ್ರಿಯವಳು ಕೇಳಿದಳು. ಅವನು ಪಿಕ್ಚರು ಹಾಕಿ, ಹೋಗಿ ಒಳಗಿನ ಕೋಣೆಯಲ್ಲಿ ಕೂತ. ಆವತ್ತು ಕತ್ತರಿಯ ಸದ್ದು ಬಂತು. ಸುಮ್ಮನೆ ಚೂರು ಬಟ್ಟೆಗಳನ್ನು ಇನ್ನೂ ಚೂರು ಮಾಡುತ್ತಿದ್ದವನು ಅವನು.

ಎಲ್ಲರೂ ಹೋದ ಮೇಲೆ ಹೆಂಡತಿ ಕತ್ತರಿ ಕಿತ್ತುಕೊಂಡಳು. "ಏನ್ ಬಂತು ನಿಮಗೆ? ಒಳ್ಳೇ ಅಸ್ತರು ಹಾಳ್ಮಾಡಿದ್ರಿ."

"ನನ್ನ ದನಿ ಕೇಳೋಕೂ ಬೇಡವಾಯ್ತಲ್ಲ ನಿನಗೆ."

"ಯಾರಂದ್ರು?"

"ಯಾರೂ ಅನ್ನೋದು ಬೇಡ. ಕಿವೀಗೆ ಬೆರಳಿಟ್ಕೊಂಡು ನಿಂತಿದ್ದೆ, ನಾನೇ ನೋಡ್ದೆ. ಪಕ್ಕದಲ್ಲಿ ಅವರು. ಅವರ ಒಂದೊಂದು ಪೆದ್ದು ಮಾತಿಗೂ ನಗ್ತೀಯ, ಕೊನೇವರೆಗೂ ಕೂರ್ತೀಯ. ನನ್ನ ಪಕ್ಕ ಒಂದು ದಿನ ಕೂತಿದ್ದೀಯಾ?"

ಅವಳು ಅವನ ಮುಖವನ್ನೇ ನೋಡಿದಳು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಎರಡನ್ನೂ ನುಂಗಿಕೊಂಡಳು.

"ರೀ, ನೀವು ಕೊನೇನ ಮೊದಲೇ ಹೇಳ್ಬಿಡ್ತೀರಿ. ಅವನು ಸಾಯ್ತಾನೆ ಅಂದ್ಮೇಲೆ ಅವನು ಬದುಕಿರೋದನ್ನ ಕೂತು ಏನ್ ನೋಡ್ಲಿ? ಅದಕ್ಕೇ ಎದ್ದು ಹೋಗ್ತಿದ್ದೆ. ಭಾವ ಮೊದಲ ದಿನ ತಡವಾಗಿ ಬಂದ್ರಲ್ಲ, ಅವರಿಗೆ ಕೊನೆ ಗೊತ್ತಿರ್ಲಿಲ್ಲ. ಆ ಬೆಕ್ಕು ಬಂದಾಗ ನನಗೂ ಗೊತ್ತಿಲ್ದೇ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು. ಆಮೇಲಿಂದ ನಾವಿಬ್ರೂ ಹೊರಗೆ ನಿಲ್ತೀವಿ. ಅವರು ಹಾಡ್ಕೋತಾರೆ, ನಾನು ಕಿವಿ ಮುಚ್ಕೋತೀನಿ. ನಿಮ್ಮ ದನಿ ಬೀದಿಗೆಲ್ಲ ಕೇಳುತ್ತಲ್ಲ, ಇನ್ನೇನ್ ಮಾಡ್ಲಿ?"

"ಇಷ್ಟು ದಿನ ಹೇಳ್ಬಾರ್ದಿತ್ತಾ?"

"ಶನಿವಾರವೆಲ್ಲ ಕೂತು ಓದಿ ಬರ್ತೀರಿ. ಎದ್ದು ನಿಂತಾಗ ನಿಮ್ಮ ಮುಖ ನೋಡಿದ್ದೀರಾ? ಹೇಗೆ ಹೇಳ್ಲಿ?"

ತಮ್ಮ ಸಮಾಧಾನ ಪಡಬೇಕಿತ್ತು. ಆದರೆ ಕೇಳಿದ, "ಅವರಿಗೆ ಮಾತ್ರ ಹೇಳಿದ್ದೀಯಲ್ಲ?"

ಮುಂದಿನ ಶನಿವಾರ ಅವನು ಟಿವಿ ಹಚ್ಚಲಿಲ್ಲ. ಪೆಟ್ಟಿಗೆಯ ತಳದಲ್ಲಿ ಹೊದಿಕೆಯೂ ಇಲ್ಲದ, ಯಾವ ಕಾಲದ್ದೆಂದೂ ತಿಳಿಯದ ಒಂದು ಡಿಸ್ಕನ್ನು ತೆಗೆದು ಒರೆಸಿ ಇಟ್ಟ. ಸಂಜೆಯೆಲ್ಲ ಅದರ ಸುತ್ತ ಬೆಕ್ಕಿನ ಹಾಗೆ ಸುಳಿದಾಡಿದ, ಮುಟ್ಟಲಿಲ್ಲ.

ಭಾನುವಾರ ಎಲ್ಲರೂ ಬಂದು ಕೂತರು. ಆ ವಾರ ಇಬ್ಬರು ಕೂರುವ ಒಂದು ಹಸಿರು ಸೋಫಾ ಸಿದ್ಧವಾಗಿತ್ತು. ಅದನ್ನು ನಡುವೆ ಎಳೆದು ತಾನು ಒಂದು ಬದಿಗೆ ಕೂತ. ಕಬ್ಬಿಣದ ಸ್ಟೂಲನ್ನು ಬಾಗಿಲ ಹತ್ತಿರ ಇಟ್ಟಿದ್ದ.

"ಕಥೆ ಹೇಳಲ್ವಾ ಸ್ಪ್ರಿಂಗಣ್ಣ?" ಎಂದರು ಗಡಿಯಾರದ ಅಂಗಡಿಯವರು.

"ಗೊತ್ತಿಲ್ಲ. ನಾನೂ ನೋಡಿಲ್ಲ."

"ಮತ್ತೆ ನಮಗೆ ಹೇಗೆ ಗೊತ್ತಾಗ್ಬೇಕು?" ಎಂದು ಇಸ್ತ್ರಿಯವಳು ಗಾಬರಿಯಾದಳು.

ಜಗಲಿಯಿಂದ ತಮ್ಮನ ಹೆಂಡತಿ ಇಣುಕಿದಳು. ಕಿವಿಯ ಬೆರಳು ತೆಗೆದು, "ಮುಗೀತಾ?" ಎಂದಳು. "ಶುರುವೇ ಆಗಿಲ್ಲ, ಬಾ" ಎಂದ ತಮ್ಮ. ಅವಳು ಬಂದು ಹಸಿರು ಸೋಫಾದ ಇನ್ನೊಂದು ಬದಿಗೆ ಕೂತಳು. ಹಿಂದೆಯೇ ಬಂದ ರೈಟಣ್ಣ ಸ್ಟೂಲಿನ ಮೇಲೆ ಕೂತರು.

ಬಣ್ಣದ ಪಿಕ್ಚರು, ಆದರೆ ಬಣ್ಣ ಮಾಸಿದೆ. ಒಬ್ಬ ಹೆಂಗಸು ಭಾರವಾದ ಒಂದು ಪೆಟ್ಟಿಗೆ ಹಿಡಿದು ಸಣ್ಣ ಊರಿಗೆ ಬರುತ್ತಾಳೆ. ಬಸ್ಸಿನಲ್ಲಿ. ಬಸ್ಸು ಕಂಡೊಡನೆ ತಮ್ಮ ಹಣೆ ಚಚ್ಚಿಕೊಂಡ. ಬಾಗಿಲ ಹತ್ತಿರದಿಂದ, "ಆಹಾ, ರೈಟ್ ರೈಟ್! ಈ ಗಾಡಿ ಎಂಜಿನ್ ಸರಿಯಿಲ್ಲ" ಎಂದು ಮಾತು ಬಂದೇ ಬಂತು. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ತಮ್ಮ ಸೋಫಾದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಹೆಂಗಸು ಬಾಡಿಗೆ ಕೋಣೆ ಹಿಡಿದು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ಯಾರು ಕೇಳಿದರೂ ಒಳಗೇನಿದೆ ಎಂದು ಹೇಳುವುದಿಲ್ಲ. ಕೊನೆಗೆ ಮನೆಯ ಒಡತಿ ಕಳ್ಳಹೆಜ್ಜೆಯಲ್ಲಿ ಬಂದು ಪೆಟ್ಟಿಗೆಯ ಚಿಲಕಕ್ಕೆ ಕೈ ಹಾಕಿದಳು.

ತಮ್ಮನ ಹೆಂಡತಿ ಅವನ ತೋಳು ಚಿವುಟಿದಳು. "ಒಳಗೆ ಏನಿದೆ?"

"ಗೊತ್ತಿಲ್ಲ ಕಣೇ."

"ಊಹೆ ಮಾಡಿ. ಬೇಗ!"

ಬಾಗಿಲ ಕಡೆಯಿಂದ ರೈಟಣ್ಣ ಬಾಯಿ ತೆರೆಯುತ್ತಿದ್ದರು. ತಮ್ಮ ಅತ್ತ ತಿರುಗದೆಯೇ ಕೈಯೆತ್ತಿ, "ಹೋಲ್ಡಾನ್!" ಎಂದು ಗುಡುಗಿದ. ಎಂದಾದರೂ ಹಾಗೆ ಕೂಗಿದವನಲ್ಲ. ಆಮೇಲೆ ಹೆಂಡತಿಗೆ ಹೇಳಿದ, "ಗಂಡನ ತಲೆ. ಕೊಂದು ತಂದಿದ್ದಾಳೆ. ನನಗೆ ಖಾತ್ರಿ."

ಪೆಟ್ಟಿಗೆ ತೆರೆಯಿತು. ಒಳಗೆ ಒಂದು ಹೊಲಿಗೆ ಮಿಷನ್ನು, ನನ್ನದರಂಥದ್ದೇ.

"ಗಂಡನ ತಲೆಯಂತೆ!" ಎಂದು ತಮ್ಮನ ಹೆಂಡತಿ ನಕ್ಕ ನಗುವಿಗೆ ಅವಳ ಕಣ್ಣಲ್ಲಿ ನೀರು ಬಂತು. ಅವನ ಹೆಗಲ ಮೇಲೆ ತಲೆಯಿಟ್ಟು ನಕ್ಕಳು. ಕೊನೆಯವರೆಗೂ ಏಳಲಿಲ್ಲ. ಆ ಹೆಂಗಸು ಅದೇ ಊರಲ್ಲಿ ಅಂಗಡಿ ಇಟ್ಟಳು, ಅಷ್ಟೇ ಕಥೆ. ಆಮೇಲೂ ತಮ್ಮನ ಒಂದು ಊಹೆಯೂ ಸರಿಯಾಗಲಿಲ್ಲ. ಹೊರಡುವಾಗ ರೈಟಣ್ಣ ಅವನ ಬೆನ್ನು ತಟ್ಟಿ, "ಷಡ್ಡಕರೇ, ನೀವು ನನಗಿಂತ ಪೆದ್ದರು. ನನ್ನ ಕೆಲಸ ಹೋಯ್ತು" ಎಂದರು. ಅದನ್ನು ಬಿರುದಿನ ಹಾಗೆ ಎದೆಗೆ ಹಾಕಿಕೊಂಡ ನನ್ನ ತಮ್ಮ.

ಆದರೂ ಸಂಜೆ ನನ್ನ ಮಿಷನ್ನಿನ ಹತ್ತಿರ ಬಂದ. "ಅಕ್ಕ, ನಿಜ ಹೇಳು. ಅವಳು ನನ್ನ ಮಾತಿಗೆ ಹೆಚ್ಚು ನಕ್ಕಳಾ, ಅವರ ಮಾತಿಗಾ?"

ನಾನು ಯೋಚನೆ ಮಾಡಿ ಹೇಳಿದೆ. "ಅವರ ಬಸ್ಸಿನ ಮಾತಿಗೆ ಸ್ವಲ್ಪ ಹೆಚ್ಚು ಸಲ ನಕ್ಕಳು. ನಿನ್ನ ತಲೆಗೆ ಒಂದೇ ಸಲ, ಆದ್ರೆ ಉದ್ದಕ್ಕೆ."

"ಹೂಂ" ಎಂದ. ಅಳೆದು ನೋಡುತ್ತಿದ್ದ ಎಂದು ಕಾಣುತ್ತದೆ. "ಮುಂದಿನ ವಾರ ಸ್ಟೂಲನ್ನ ಇನ್ನೂ ಹಿಂದಕ್ಕೆ ಹಾಕ್ತೀನಿ."

ಮಂಗಳವಾರ ಹಸಿರು ಸೋಫಾದವರು ಬಂದರು. ತಮ್ಮ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, "ಇನ್ನೂ ಗುಂಡಿ ಕೆಲಸ ಬಾಕಿ ಇದೆ, ಸೋಮವಾರ ಬನ್ನಿ" ಎಂದ. ಗುಂಡಿಗಳನ್ನೆಲ್ಲ ನಾನು ಭಾನುವಾರಕ್ಕೆ ಮೊದಲೇ ಎಳೆದು ಗಂಟು ಹಾಕಿ ಮುಗಿಸಿದ್ದೆ. ನನ್ನ ಕೆಲಸದಲ್ಲಿ ಹಾಗೆ ಬಿಟ್ಟುಹೋಗುವುದಿಲ್ಲ. ಎದ್ದು ಹೋಗಿ ನೋಡಿದೆ. ಎರಡು ಸೀಟುಗಳ ನಡುವಿನ ಒಂದು ಗುಂಡಿ ಇರಲಿಲ್ಲ, ದಾರ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ ಹಾಗಿತ್ತು. ತಮ್ಮನ ಅಂಗಿಯ ಜೇಬು ಉಬ್ಬಿತ್ತು.  ಬಂದು ಮಿಷನ್ನಿನ ಮುಂದೆ ಕೂತೆ.